ಜೂನ್ ತಿಂಗಳ ಪೆಟ್ಟಿಗೆ

ದಕ್ಷಿಣ ಧ್ರುವ ಪ್ರದೇಶದ ಕರಾವಳಿ ಠಾಣೆ
26 ಫೆಬ್ರವರಿ 1980

ತೋಮಾ,

‘ಪ್ರಿಯ’ ಎಂದು ಸೇರಿಸಲು ಹೋದೆ. ಎರಡು ವರ್ಷದಿಂದ ಮನೆಗೆ ಮುಖ ತೋರಿಸದ ಗಂಡ ಹಾಗೆ ಬರೆದರೆ ನಿನಗೆ ನಗು ಬಂದೀತೆಂದು ಬಿಟ್ಟೆ. ನಿನ್ನ ತಂತಿ ತಲುಪಿತು: ಈ ಹಡಗಿಗೆ ಬಾ, ಇಲ್ಲವಾದರೆ ಲೀದಾಳ ಕೋಣೆ ಖಾಲಿ ಮಾಡಿ ನಾನು ಅಕ್ಕನ ಊರಿಗೆ ಹೋಗುತ್ತೇನೆ. ಹಡಗು ನಾಳೆ ಬೆಳಿಗ್ಗೆ ಹೊರಡುತ್ತದೆ. ಅದು ಹೋದರೆ ಹತ್ತು ತಿಂಗಳು ಇಲ್ಲಿಗೆ ಬರುವವರಿಲ್ಲ, ಇಲ್ಲಿಂದ ಹೋಗುವವರೂ ಇಲ್ಲ. ನಾನು ಬರುವುದಿಲ್ಲ, ತೋಮಾ. ಈ ಕಾಗದ ಬರುತ್ತದೆ.

ಇಲ್ಲಿ ಕೈತುಂಬ ಕೆಲಸವಿದೆ. ಠಾಣೆಯ ಮನೆಯಿಂದ ಮನೆಗೆ ಹಗ್ಗ ಬಿಗಿದಾಯಿತು. ಬಿರುಗಾಳಿ ಎದ್ದರೆ ಅದನ್ನು ಹಿಡಿದುಕೊಂಡೇ ಊಟಕ್ಕೆ ಬರಬೇಕು. ಡೀಸೆಲ್ ಪೀಪಾಯಿಗಳನ್ನು ಹಡಗಿನಿಂದ ಉರುಳಿಸಿ ಉರುಳಿಸಿ ಎಲ್ಲರ ಸೊಂಟ ಹೋಗಿದೆ. ಇಪ್ಪತ್ತಮೂರು ಜನ ಮೂರು ದಿನ ನನ್ನ ಮೇಜಿನ ಸುತ್ತ ಕೂತು ಚಳಿಗಾಲಕ್ಕೆಂದು ಮಾಂಸದ ಕಡುಬು, ಪೆಲ್ಮೆನಿ, ಮಡಿಚಿದರು. ವಿಜ್ಞಾನಿಗಳ ಕೈಗುಣ ನೀನು ನೋಡಬೇಕಿತ್ತು. ಹವಾಮಾನ ಬರೆಯುವವನು ಮಡಿಚಿದ ಒಂದೊಂದಕ್ಕೂ ಕಿವಿಯೂ ಇತ್ತು, ಬಾಲವೂ ಇತ್ತು.

ಉಳಿಯಲು ಮುಖ್ಯ ಕಾರಣ ಮೊಟ್ಟೆ. ನಗಬೇಡ. ನಾಲ್ಕು ಸಾವಿರ ಮೊಟ್ಟೆ ಬಂದಿವೆ, ಜನವರಿಯವರೆಗೆ ಅವೇ ಗತಿ. ವಾರಕ್ಕೊಮ್ಮೆ ಪ್ರತಿಯೊಂದು ಪೆಟ್ಟಿಗೆಯನ್ನೂ ಮಗುಚಿ ಇಡಬೇಕು. ಇಲ್ಲವಾದರೆ ಹಳದಿ ಕೆಳಗೆ ಕೂತು ಚಿಪ್ಪಿಗೆ ಅಂಟಿಕೊಂಡು ಕೆಟ್ಟುಹೋಗುತ್ತದೆ. ನನ್ನ ಬದಲಿಗೆ ಬಂದಿರುವ ಅಡುಗೆಯವನು ಸವ್ವಾ, ಐವತ್ತರ ಹತ್ತಿರದ ದಢೂತಿ ಆಸಾಮಿ. ಮೊದಲ ವಾರವೇ ಎರಡು ಸಾಲು ಮರೆತ. ಕೇಳಿದರೆ, “ನಾನು ಅತ್ತೆ ಕಾಟ ತಪ್ಪಿಸ್ಕೊಳ್ಳೋಕೆ ಧ್ರುವಕ್ಕೆ ಬಂದೋನು ಕಣಯ್ಯಾ, ಇಲ್ಲಿ ನೀನೊಬ್ಬ ಅತ್ತೆ ಸಿಕ್ಕಿಬಿಟ್ಟೆ” ಎಂದ. ಇಂಥವನ ಕೈಗೆ ಉಗ್ರಾಣ ಬಿಟ್ಟು ಹೇಗೆ ಬರಲಿ? ಮೂರನೇ ಚಳಿಗಾಲಕ್ಕೆ ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಆದರೂ ನಮ್ಮ ಮುಖ್ಯಸ್ಥ ಪ್ರೋಖೋರ್ ಇಲ್ಯಿಚ್ ನನ್ನ ಬ್ರೆಡ್ಡಿನ ಆಸೆಗೆ ಒಪ್ಪಿದ್ದಾರೆ. “ಇಬ್ಬರಲ್ಲಿ ಯಾರು ಹಡಗು ಹತ್ತುತ್ತೀರೋ ಸಂಜೆಯೊಳಗೆ ಹೇಳಿಬಿಡಿ” ಎಂದಿದ್ದಾರೆ. ಸವ್ವಾ ನನ್ನನ್ನೇ ದಿಟ್ಟಿಸಿ ನೋಡಿದ. “ಮೊಟ್ಟೇನ ವಾರ ವಾರ ಮಗುಚ್ತೀಯಾ. ನೀನು ಒಂದೇ ಮಗ್ಗುಲಿಗೆ ಬಿದ್ದು ಎಷ್ಟು ವರ್ಷ ಆಯ್ತು?” ಎಂದ. ನಾನು ಹಿಟ್ಟು ನಾದಲು ಹೋದೆ.

ಲೀದಾಳ ಬಗ್ಗೆ ನಾನು ನಿನಗೆ ಒಂದು ಸಾಲೂ ಬರೆದಿಲ್ಲ. ಅದು ನನ್ನ ಮೊದಲ ಚಳಿಗಾಲ, ಮೇ ತಿಂಗಳು. ಮಗಳು ಜ್ವರದಲ್ಲಿ ಹೋದಳೆಂಬ ಸುದ್ದಿಯನ್ನು ರೇಡಿಯೋದವನು ಅಡುಗೆಮನೆಗೇ ತಂದುಕೊಟ್ಟ. ಹಡಗಿಲ್ಲ, ವಿಮಾನವಿಲ್ಲ. ಅಲ್ಲಿ ನೀನು ಒಬ್ಬಳೇ ಮಣ್ಣು ಮಾಡಿದೆ. ಇಲ್ಲಿ ನಾನು ಇಪ್ಪತ್ತಮೂರು ಜನಕ್ಕೆ ಕಟ್ಲೆಟ್ ಕರಿದೆ. ಒಂದೂ ಸೀಯಲಿಲ್ಲ, ಉಪ್ಪೂ ಸರಿಯಾಗಿತ್ತು. ನನ್ನನ್ನು ನಾನು ಕ್ಷಮಿಸಲಾಗದಿರುವುದು ಅದಕ್ಕೇ. ಅವತ್ತು ಮರಗಟ್ಟಿದ್ದು ಇನ್ನೂ ಬಿಟ್ಟಿಲ್ಲ. ಇಲ್ಲಿ ಎಲ್ಲರ ಮುಖವೂ ಚಳಿಗೆ ಹಾಗೆಯೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಊರಿಗೆ ಬಂದರೆ ಗೊತ್ತಾಗುತ್ತದೆ. ಅವಳ ಕೋಣೆಯ ಬಾಗಿಲಲ್ಲಿ ನಿಂತೂ ನನಗೆ ಏನೂ ಆಗದಿದ್ದರೆ, ಅದನ್ನು ನೀನು ನೋಡುತ್ತೀಯ. ನನಗಿರುವ ಭಯ ಅದು.

ಹೋದ ವರ್ಷದ ಹಡಗಿನಲ್ಲಿ ನೀನು ಕಳಿಸಿದ ಜೂನ್ ಪೆಟ್ಟಿಗೆಗೂ ನಾನು ಉತ್ತರ ಬರೆಯಲಿಲ್ಲ. ಕಾಲುಚೀಲ ಬೆಚ್ಚಗಿವೆ. ಈ ವರ್ಷ ಮನೆಗಳಿಂದ ಬಂದ ಪೆಟ್ಟಿಗೆಗಳನ್ನು ಪ್ರೋಖೋರ್ ಇಲ್ಯಿಚ್ ನಿನ್ನೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಜೂನಿನಲ್ಲಿ, ಸೂರ್ಯ ಕಾಣದ ದಿನಗಳ ನಡುವಿನ ಹಬ್ಬಕ್ಕೇ ಅವನ್ನು ಬಿಚ್ಚುವುದು. ನನ್ನ ಹೆಸರಿನದು ಇರಲಿಲ್ಲ. ದೂರುತ್ತಿಲ್ಲ. ಕೋಣೆಯ ವಿಷಯದಲ್ಲಿ ನಿನಗೆ ಸರಿ ಕಂಡಂತೆ ಮಾಡು.

ಇಂತಿ, ಇಲ್ಲಿಯೇ ಉಳಿಯುವ
ಯೆಫಿಮ್

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೋದ ಜೂನಿನಲ್ಲಿ ಎಲ್ಲರೂ ಊಟದ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚುವಾಗ ನಾನು “ಕಾಲುಚೀಲ ಇರ್ಬೇಕು ಬಿಡಿ” ಎಂದು ನಿನ್ನದನ್ನು ಮಂಚದಡಿ ತಳ್ಳಿದ್ದೆ. ಈಗ ಸವ್ವಾ ಹಡಗಿಗೆ ಹೊರಡಲೆಂದು ಅದೇ ಮಂಚದಡಿಯಿಂದ ತನ್ನ ಟ್ರಂಕು ಎಳೆದುಕೊಳ್ಳುವಾಗ ಅದೂ ಹೊರಗೆ ಬಂತು. “ಇದೇನಯ್ಯಾ, ದಾರಾನೂ ಬಿಚ್ಚಿಲ್ವಲ್ಲ!” ಎಂದು ನನ್ನ ತೊಡೆಯ ಮೇಲಿಟ್ಟು ಹೊರಗೆ ಹೋದ.

ಬಿಚ್ಚಿದೆ. ಹತ್ತಿಯ ನಡುವೆ ಕರಿದ್ರಾಕ್ಷಿಯಂಥ ನಮ್ಮ ತೋಟದ ಹಣ್ಣಿನ ಜಾಮ್, ಒಂದು ಬಾಟಲಿ. ಚೀಟಿಯ ಮೇಲೆ ಲೀದಾಳ ಸೊಟ್ಟ ಅಕ್ಷರ: “1977. ಅಪ್ಪ ವಾಪಸ್ ಬಂದ ಮೇಲೆ ತಿನ್ನೋದು. ಅಲ್ಲೀವರೆಗೂ ಯಾರೂ ಮುಟ್ಟಬಾರದು. ಅಮ್ಮನೂ!”

ನಾನು ಬರಲಿಲ್ಲವೆಂಬ ಸಿಟ್ಟಿಗೆ ಇದನ್ನು ಕಳಿಸಿದೆಯೋ, ಬರಲಿ ಎಂದು ಕಳಿಸಿದೆಯೋ, ಕೇಳಬೇಕು. ಅಳು ಬಂದಿಲ್ಲ, ಸುಳ್ಳೇಕೆ ಹೇಳಲಿ. ಉಗ್ರಾಣದ ಬೀಗದ ಕೈಯನ್ನು ಸವ್ವಾನಿಗೆ ಕೊಟ್ಟಿದ್ದೇನೆ. ಕೋಣೆ ಹಾಗೇ ಇರಲಿ ಎಂದು ರೇಡಿಯೋದವನ ಹತ್ತಿರ ನಿನಗೆ ತಂತಿ ಕಳಿಸಿದ್ದೇನೆ. ಈ ಕಾಗದವನ್ನು ಹರಿಯುವುದಿಲ್ಲ. ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ, ಇಷ್ಟನ್ನು ಬಾಯಲ್ಲಿ ಹೇಳಲಾರೆ. ಬಾಟಲಿ ಕೋಟಿನೊಳಗಿದೆ. ಮುಚ್ಚಳ ತೆಗೆದಿಲ್ಲ. ನಾನಿನ್ನೂ ಮನೆಗೆ ಬಂದಿಲ್ಲವಲ್ಲ.