ಹದಿನಾಲ್ಕು ಮೀಟರ್ ಪರದೆ

ಜೂನ್ 11. ಸಂಜೆ ಆರೂವರೆ.

ಬೆಳಿಗ್ಗೆ ಎಂಟಕ್ಕೆ ಪ್ರೆಸ್. ಇನ್ನೂರು ಲೆಡ್ಜರ್‌ಗಳಿಗೆ ರಟ್ಟು ಹಾಕಿದ್ದಾಯಿತು. ಅಂಟು ಬೇಗ ಒಣಗಲಿಲ್ಲ, ಅದಕ್ಕೆ ಮೇಸ್ತ್ರಿ ನನ್ನ ಮೇಲೆ ಹಾರಾಡಿದ. ಅಂಟು ನಾನು ಹೇಳಿದ ಹಾಗೆ ಕೇಳುತ್ತದೆಯೇ. ಐದಕ್ಕೆ ಬಿಟ್ಟರು. ಬರುವಾಗ ಬ್ರೆಡ್ಡು, ಸೋಪು ತಂದೆ.

ಮಗಳು ಲ್ಯಾಬಿನಿಂದ ಆಗಲೇ ಬಂದಿದ್ದಳು. ಸ್ಟೂಲಿನ ಮೇಲೆ ನಿಂತು ಮಲಗುವ ಕೋಣೆಯ ಕಿಟಕಿಗೆ ಪೇಪರ್ ಅಂಟಿಸುತ್ತಿದ್ದಳು. ಹಳೆಯ ಪೇಪರ್ ಬಿಸಿಲಿಗೆ ಹಳದಿಯಾಗಿ ಹರಿದಿತ್ತು.

"ಅಪ್ಪಾ, ಎದುರು ಮನೆ ತಾತ ಬೆಳಗಾದ್ರೆ ನಮ್ಮ ಕಿಟಕೀಲಿ ಪೇಪರ್ ಓದ್ತಾರೆ. ತಿಂಗಳ ದುಡ್ಡು ವಸೂಲಿ ಮಾಡ್ಲಾ?"

"ಪರದೆ ತರ್ತೀನಿ."

"ಹೋದ ವಾರವೂ ನೀನು ಇದನ್ನೇ ಅಂದಿದ್ದೆ."

ನಾಲ್ಕು ಕಿಟಕಿ. ಒಂದಕ್ಕೂ ಪರದೆ ಇಲ್ಲ. ಹೊಸದು ಇನ್ನೇನು ಬಂತು ಎಂದು ನನ್ನ ಹೆಂಡತಿ ಹಳೆಯದನ್ನೆಲ್ಲ ಇಳಿಸಿ, ಕತ್ತರಿಸಿ, ಒರೆಸುವ ಬಟ್ಟೆ ಮಾಡಿಬಿಟ್ಟಿದ್ದಳು. ಆ ಬಟ್ಟೆಗಳು ಅಡುಗೆಮನೆಯಲ್ಲಿ ಇನ್ನೂ ಇವೆ. ಇವಳಿಲ್ಲ. ಏಳು ವಾರ.

ಪರದೆ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲೇ ಅವಳು ಬಿದ್ದದ್ದು. ಏಪ್ರಿಲ್ ಬಿಸಿಲು, ಮಧ್ಯಾಹ್ನ ಎರಡು ಗಂಟೆ. ಹೃದಯ ನಿಂತಿತು ಅಂದರು. ಆಸ್ಪತ್ರೆಯವರು ಕೊಟ್ಟ ಬ್ಯಾಗಿನಲ್ಲಿ ಕನ್ನಡಕ, ಬೀಗದ ಕೈ, ಗೇಣುದ್ದದ ಬಟ್ಟೆ ತುಂಡು — ಬೂದು ಬಣ್ಣ, ಸಣ್ಣ ಎಲೆಗಳು. ಜೊತೆಗೊಂದು ಚೀಟಿ. ಇವಳ ಅಕ್ಷರ. "14 ಮೀಟರ್. ಮೀಟರಿಗೆ 420 ಅಂದ. 310 ಕೇಳಿದೆ. ಬಿಡಲಿಲ್ಲ." ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, "ಬಿಡಲಿಲ್ಲ." ಇನ್ನೂ ಕೆಳಗೆ, "ಬಿಡಲಿಲ್ಲ."

ನಾಲ್ಕನೆಯ ದಿನದ್ದು ಬರೆದಿಲ್ಲ.

ಒಂದು ಬಟ್ಟೆಗೆ ಆ ಬಿಸಿಲಿನಲ್ಲಿ ನಾಲ್ಕು ಸಲ ಯಾಕೆ ಹೋದಳು… ಅದೊಂದು ತಲೆಯಿಂದ ಹೋಗುತ್ತಿಲ್ಲ.

ಜೂನ್ 13. ಸಂಜೆ.

ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದ.

"ಬನ್ನಿ ಸಾರ್, ಕೂತ್ಕೊಳ್ಳಿ. ಆವತ್ತು ನೀರು ತಂದುಕೊಟ್ಟಿದ್ದು ನಾನೇ. ಕುಡೀಲಿಲ್ಲ ಪಾಪ."

ನಾನು ತುಂಡು ಬಟ್ಟೆ ತೋರಿಸಿದೆ. ಅದೇ ಬಟ್ಟೆಯ ಥಾನು ಎಳೆದು ಮೇಜಿನ ಮೇಲೆ ಹರವಿದ. ಕೈಯಿಂದ ಸವರಿದ.

"ರೇಟು?"

"ನಾನೂರಿಪ್ಪತ್ತು ಸಾರ್. ನಿಮಗೆ ಗೊತ್ತಲ್ಲ."

ಮತ್ತೆ ಬರ್ತೀನಿ ಅಂದು ಎದ್ದು ಬಂದೆ.

ಚೌಕಾಸಿ ಅವಳ ಕೆಲಸ. ನನ್ನ ಕೆಲಸ ನಾಚಿಕೊಳ್ಳುವುದು. ಈ ಮನೆಯ ಹಾಸಿಗೆ, ದಿಂಬು, ಸೋಫಾದ ಹೊದಿಕೆ, ಬಾಗಿಲ ಮ್ಯಾಟ್ — ಎಲ್ಲ ಆ ಒಂದೇ ಅಂಗಡಿಯದು. ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದಳು, ಉಜ್ಜುತ್ತಿದ್ದಳು, ಮೂಸುತ್ತಿದ್ದಳು. "ಒಂದು ಸಲ ಒಗೆದ್ರೆ ಇದು ಕರ್ಚೀಫ್ ಆಗುತ್ತೆ, ಇದಕ್ಕೆ ಇಷ್ಟು ಹೇಳ್ತೀರಲ್ಲ, ಬಾಯಿ ಹೇಗೆ ಬಂತು ನಿಮಗೆ?" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದೆ. ಯಾರೋ ಬೇರೆಯವರ ಗಂಡನ ಹಾಗೆ.

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ. ಇಲ್ಲಿ ಬರೆದರೆ ತಪ್ಪಿಲ್ಲ.

ಬಿಲ್ ಆಗಿ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ, ಛತ್ರಿ ಮರೆತೆ ಅನ್ನುತ್ತಿದ್ದೆ. ಮರೆತಿರುತ್ತಿರಲಿಲ್ಲ. ಬೇಕೆಂದೇ ಬಿಟ್ಟು ಬಂದಿರುತ್ತಿದ್ದೆ. ಅವಳನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋಗಿ, ಅವಳು ಇಳಿಸಿದ್ದರಲ್ಲಿ ಮುಕ್ಕಾಲು ಪಾಲು ಅವನ ಕೈಗೆ ತುರುಕಿ, ಛತ್ರಿ ಎತ್ತಿಕೊಂಡು ಬರುತ್ತಿದ್ದೆ. ಮೊದಲ ಸಲ ಅವನು ಬೇಡ ಅಂದ. ಆಮೇಲೆ ಅನ್ನಲಿಲ್ಲ. ಬಿಸಿಲಿಗೂ ಮಳೆಗೂ ನಾನು ಛತ್ರಿ ಹಿಡಿದು ಓಡಾಡುವುದು ರೂಢಿಯಾದದ್ದು ಹೀಗೆ.

"ಒಂದಿನ ನನ್ನೇ ಅಂಗಡೀಲಿ ಮರೆತು ಬರ್ತೀರ ನೀವು" ಅನ್ನುತ್ತಿದ್ದಳು.

ಮನೆ ತಲುಪುವವರೆಗೂ ಅವಳದು ಒಂದೇ ಮಾತು — "ನೋಡಿದ್ರಾ, ಹೇಗೆ ಇಳಿಸಿದೆ." ಮುಖ ಅರಳಿರುತ್ತಿತ್ತು. ನನಗೂ ಹಾಯಾಗಿರುತ್ತಿತ್ತು. ಅವಳೂ ಗೆದ್ದಳು, ಅಂಗಡಿಯವನಿಗೂ ನಷ್ಟವಿಲ್ಲ. ಎಲ್ಲ ಸರಿದೂಗಿಸಿದೆ ಅಂದುಕೊಂಡಿದ್ದೆ.

ಏಪ್ರಿಲ್‌ನಲ್ಲೂ ಕರೆದಿದ್ದಳು. ಪಠ್ಯಪುಸ್ತಕದ ಸೀಸನ್, ಓವರ್‌ಟೈಮ್ ಇದೆ, ನೀನೇ ಹೋಗಿ ಬಾ ಅಂದೆ.

ಜೂನ್ 14.

ಹೋಗಲಿಲ್ಲ.

ಜೂನ್ 22. ಸಂಜೆ ಏಳು.

ಕೆಲಸ ಬಿಟ್ಟ ಮೇಲೆ ಆ ಬೀದಿಗೆ ಹೋದೆ. ಅಂಗಡಿಯ ಬಾಗಿಲವರೆಗೂ ಹೋದೆ, ಒಳಗೆ ಹೋಗಲಿಲ್ಲ. ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದೆ. ಒಬ್ಬ ಹೆಂಗಸು ನಡೆಸುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆಗೆ ಮಡಿಕೆ ಹಾಕುತ್ತಿದ್ದಳು. ತುಂಡು ಬಟ್ಟೆ ಕೊಟ್ಟೆ. ಒಂದು ಸಲ ಮುಟ್ಟಿ ನೋಡಿ ಸೂಜಿ ತೆಗೆದಳು.

"ಇದೆ ಅಣ್ಣ. ಮೀಟರಿಗೆ ಮುನ್ನೂರೈವತ್ತು. ಎಷ್ಟು ಬೇಕು?"

"ಹದಿನಾಲ್ಕು."

"ಹಾಗಾದ್ರೆ ಮುನ್ನೂರಮೂವತ್ತು ಹಾಕ್ಕೊಡ್ತೀನಿ."

ನಾನು ಕೇಳಿರಲೇ ಇಲ್ಲ.

"ಎದುರುಗಡೆ ನಾನೂರಿಪ್ಪತ್ತು ಅಂದ್ರು."

"ಯಾರಿಗೆ ಅಂದ್ರು ಅಣ್ಣ? ಅವರದೂ ನಂದೂ ಒಂದೇ ಗೋಡೌನಿನ ಮಾಲು. ಅವರು ಮಾರೋದೂ ಮುನ್ನೂರೈವತ್ತಕ್ಕೇ. ಹೋದ ತಿಂಗಳು ನನ್ನ ಹತ್ರ ಇಲ್ಲದಾಗ ನಾನೇ ಅವರಿಂದ ತಂದು ಗಿರಾಕಿಗೆ ಕೊಟ್ಟಿದ್ದೀನಿ."

ಏನೂ ಕೊಳ್ಳದೆ ಬಂದೆ. ಮಗಳನ್ನು ಸುಮ್ಮನೆ ಕೇಳಿದೆ — ಅಮ್ಮ ಬೇರೆ ಅಂಗಡಿ ನೋಡಿರಲಿಲ್ಲವಾ?

"ನಾನು ಹೇಳಿದ್ದೆ ಅಪ್ಪಾ. ಬಡ್ಕೊಂಡೆ. 'ಬೇರೆಯವರೆಲ್ಲ ನಾಟಕದವರು ಕಣೇ, ಆ ಮನುಷ್ಯ ಹಾಗಲ್ಲ, ಎಷ್ಟೇ ಜಗ್ಗಾಡಿದ್ರೂ ಕೊನೆಗೆ ನನ್ನ ಮಾತಿಗೆ ಬಂದೇ ಬರ್ತಾನೆ. ಇಷ್ಟು ವರ್ಷ ಬಂದಿಲ್ವಾ' ಅಂದ್ಲು."

ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.

ಜೂನ್ 25. ರಾತ್ರಿ ಎಂಟು.

ಅರ್ಧ ದಿನ ರಜೆ ಹಾಕಿ ಎರಡು ಗಂಟೆಗೆ ಹೋದೆ. ಅವಳು ಬಿದ್ದ ಹೊತ್ತು. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ.

"ಎದುರಿನವರು ಮುನ್ನೂರೈವತ್ತು ಅಂತಾರೆ" ಅಂದೆ.

ಅಂಗಡಿಯವನು ಬಟ್ಟೆ ಮಡಚುತ್ತಿದ್ದ. ಮಡಚುತ್ತಲೇ ಇದ್ದ.

"ಎಲ್ಲರಿಗೂ ಮುನ್ನೂರೈವತ್ತೇ ಸಾರ್."

"ನಮಗೆ?"

"ನಿಮ್ಮ ಮನೆಯವರಿಗೆ ಯಾವಾಗ್ಲೂ ಏರಿಸಿಯೇ ಹೇಳ್ತಿದ್ದೆ. ಅವರಿಗೆ ಇಳಿಸ್ಲೇಬೇಕು. ಇಳಿಸಿದ್ದನ್ನ ನೀವು ಹಿಂದಿನಿಂದ ಬಂದು ತುಂಬ್ತಿದ್ರಿ. ಸುಳ್ಳು ಯಾಕೆ ಹೇಳ್ಲಿ, ನನಗೂ ನಾಲ್ಕು ಕಾಸು ಹೆಚ್ಚೇ ಸಿಗ್ತಿತ್ತು."

"ಮತ್ತೆ ಈ ಸಲ ಯಾಕೆ ಬಿಡಲಿಲ್ಲ?"

"ನೀವು ಬರ್ಲಿಲ್ಲವಲ್ಲ ಸಾರ್."

ಫ್ಯಾನ್ ತಿರುಗುತ್ತಿತ್ತು. ಅವನೇ ಮುಂದುವರಿಸಿದ.

"ಅವರು ಮುನ್ನೂರಹತ್ತಕ್ಕೆ ಪಟ್ಟು ಹಿಡಿದ್ರು. ಇವತ್ತಲ್ಲ ನಾಳೆ ನೀವೂ ಜೊತೇಲಿ ಬರ್ತೀರಿ, ಆವಾಗ ಬಿಟ್ಟುಕೊಟ್ರಾಯ್ತು ಅಂತ ಕಾದೆ. ದಿನಾ ಕೇಳ್ತಿದ್ದೆ, ಯಜಮಾನ್ರು ಬರ್ಲಿಲ್ವಾ ಅಮ್ಮ ಅಂತ. 'ಅವರು ಬಂದು ಏನು ಮಾಡ್ತಾರೆ, ಛತ್ರಿ ಮರೆಯೋಕಾ' ಅಂತ ನಗ್ತಿದ್ರು. ಕೊನೇ ದಿನವೂ ನಗ್ತಾನೇ ಮೆಟ್ಟಿಲಿಳಿದ್ರು."

ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅವನಿಗೆ ಆ ರುಚಿ ಹತ್ತಿಸಿದವನು ನಾನು. ಅವನು ಸೋಲುತ್ತಾನೆ ಎಂದು ಅವಳನ್ನು ನಂಬಿಸಿದವನೂ ನಾನೇ. ಒಂದೇ ಒಂದು ಸಲ ಛತ್ರಿ ಕೈಯಲ್ಲೇ ಹಿಡಿದು ಮನೆಗೆ ಬಂದಿದ್ದರೆ, ಅವಳು ಎಂದೋ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗಿರುತ್ತಿದ್ದಳು.

"ಮುನ್ನೂರಹತ್ತು" ಅಂದೆ.

ಜೀವನದಲ್ಲಿ ಮೊದಲ ಸಲ ಅಂಗಡಿಯಲ್ಲಿ ನಾನು ಚೌಕಾಸಿ ಮಾಡಿದ್ದು. ಅವನು ಮಾತಿಲ್ಲದೆ ಅಳತೆ ಕಡ್ಡಿ ತೆಗೆದುಕೊಂಡ. ಹದಿನಾಲ್ಕು ಸಲ ಅಳೆದ. ಕತ್ತರಿಸಿದ. ಮುನ್ನೂರಹತ್ತರಂತೆ ಬಿಲ್ ಬರೆದ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ.

ಕಟ್ಟು ಎತ್ತಿಕೊಂಡು ಹೊರಗೆ ಬಂದೆ. ಮೆಟ್ಟಿಲು ಮೂರು. ಆಮೇಲೆ ಫುಟ್‌ಪಾತು. ಅಲ್ಲಿ ನಿಲ್ಲಲಿಲ್ಲ. ಹಿಂದೆ ತಿರುಗಿಯೂ ನೋಡಲಿಲ್ಲ.

ಮಗಳು ಸಂಜೆ ಬಂದವಳೇ ಕಟ್ಟು ಬಿಚ್ಚಿದಳು. ಕಿಟಕಿಯ ಪೇಪರ್ ಕಿತ್ತು ಬಟ್ಟೆ ಹಿಡಿದು ನೋಡಿದಳು. ಎಲೆಗಳ ಮೇಲೆ ಬೆಳಕು ಬಿತ್ತು. ಚೆನ್ನಾಗಿದೆ. ಅವಳಮ್ಮನ ಆಯ್ಕೆ ಯಾವತ್ತೂ ಕೆಟ್ಟದ್ದಿರಲಿಲ್ಲ.

"ಎಷ್ಟಕ್ಕೆ ಕೊಟ್ಟ ಅಪ್ಪಾ?"

"ಮುನ್ನೂರಹತ್ತು."

ಮಗಳು ಬಟ್ಟೆಯಲ್ಲಿ ಮುಖ ಇಟ್ಟುಕೊಂಡಳು.

"ಅಮ್ಮ ಕೇಳಿದ ರೇಟು. ನೋಡಿದ್ಯಾ… ಕೊನೆಗೂ ಅವಳ ಮಾತಿಗೇ ಬಂದ."

ನಿಜ ಹೇಳಬೇಕೆಂದು ಬಾಯಿ ತೆರೆದೆ. ಹೌದು ಅಂದೆ.

ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. "ಅಪ್ಪಾ, ಛತ್ರಿ ಎಲ್ಲಿ?"

ಮೊಳೆಗೆ ನೇತುಹಾಕುತ್ತೇನೆ ಯಾವಾಗಲೂ. ಮೊಳೆ ಖಾಲಿ. ಅಂಗಡಿಯಲ್ಲೇ, ಕುರ್ಚಿಯ ಪಕ್ಕ… ಈ ಸಲ ನಿಜವಾಗಿ ಮರೆತೆ.

ನಾಳೆ ಅಂಗಡಿಗೆ ವಾರದ ರಜೆ.