ನಾನೇ ತಂದು ಒಪ್ಪಿಸಿದ ನೀರಿನ ಪೆಟ್ಟಿಗೆ

ವಸತಿಗೃಹದ ಮಾನ್ಯ ರೆಕ್ಟರ್ ಸಾಹೇಬರೇ,

ನಿಮ್ಮ ಸ್ಟೋರ್ ರೂಮಿನ ಕಬ್ಬಿಣದ ಕಪಾಟಿನಲ್ಲಿ, ಎರಡನೆಯ ಹಲಗೆಯ ಮೇಲೆ, ನೀರು ಕಾಯಿಸುವ ಹನ್ನೊಂದು ರಾಡುಗಳ ಪಕ್ಕದಲ್ಲಿ ನನ್ನ ಉಸಿರಾಟದ ಯಂತ್ರದ ಅರ್ಧ ಭಾಗ ಬೀಗದೊಳಗೆ ಕೂತಿದೆ. ಇವತ್ತಿಗೆ ಒಂಬತ್ತು ರಾತ್ರಿ ಆಯಿತು. ಅದನ್ನು ಹಿಂದಿರುಗಿಸಿ ಎಂದು ಕೇಳುವುದಕ್ಕೆ ಈ ಪತ್ರ. ಇದನ್ನು ನೇರವಾಗಿ ನಿಮ್ಮ ಕೈಗೆ ಕೊಡಬಹುದಿತ್ತಲ್ಲ ಎನ್ನುತ್ತೀರಿ. ಕೊಟ್ಟಿದ್ದೆ. ಮೊದಲನೆಯ ಅರ್ಜಿ ಇಂಗ್ಲಿಷಿನಲ್ಲಿದೆ ಎಂದು ವಾಪಸ್ ಬಂತು. ಪುಣೆಯಲ್ಲಿ ಕನ್ನಡಿಗರು ಕಟ್ಟಿದ ಹಾಸ್ಟೆಲ್ಲಿನಲ್ಲಿ ಅರ್ಜಿ ಕನ್ನಡದಲ್ಲೇ ಇರಬೇಕಂತೆ. ಎರಡನೆಯದನ್ನು ಕನ್ನಡದಲ್ಲಿ ಬರೆದೆ. ಅದು ವಾಪಸ್ಸೂ ಬರಲಿಲ್ಲ. ಮೂರನೆಯದಾದ ಇದನ್ನು ಊಟದ ಹಾಲಿನ ಫಲಕದಲ್ಲಿ, ನಿಮ್ಮ ಚಳಿಗಾಲದ ನೋಟಿಸಿನ ಪಕ್ಕದಲ್ಲೇ ಅಂಟಿಸುತ್ತಿದ್ದೇನೆ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ಲುಗಳಲ್ಲಿ ಬೆಳೆದವನ ಕನ್ನಡ ಇದು. ತಪ್ಪುಗಳನ್ನು ಧಾರಾಳವಾಗಿ ತಿದ್ದಿ. ತಿದ್ದಲಿಕ್ಕಾದರೂ ಓದಬೇಕಾಗುತ್ತದಲ್ಲ.

ನನಗೆ ಸ್ಲೀಪ್ ಆಪ್ನಿಯಾ ಇದೆ. ನಿದ್ದೆ ಹತ್ತಿದ ಮೇಲೆ ಗಂಟಲು ಒಳಗಿನಿಂದ ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮೈ ಗಾಬರಿಯಾಗಿ ಒದ್ದಾಡಿ ಮತ್ತೆ ಎಳೆದುಕೊಳ್ಳುತ್ತದೆ. ಒಂದು ಗಂಟೆಗೆ ಸರಾಸರಿ ಮೂವತ್ತೆಂಟು ಸಲ ಎಂದು ಆಸ್ಪತ್ರೆಯ ರಿಪೋರ್ಟಿನಲ್ಲಿದೆ. ದಪ್ಪಗಿರುವವರಿಗೆ, ವಯಸ್ಸಾದವರಿಗೆ ಮಾತ್ರ ಬರುವ ಕಾಯಿಲೆ ಇದು ಎಂದು ನೀವು ನನ್ನ ತೆಳ್ಳಗಿನ ಕೈ ನೋಡಿ ನಕ್ಕಿರಿ. ನನ್ನ ಗದ್ದ ಹಿಂದಕ್ಕೆ ಸರಿದಿದೆ ಸಾರ್, ಅಷ್ಟು ಸಾಕಂತೆ. ಅದಕ್ಕೆ ಔಷಧಿ ಎಂದರೆ ಒಂದು ಯಂತ್ರ: ರಾತ್ರಿಯಿಡೀ ಮೂಗಿನ ಮಾಸ್ಕಿನೊಳಗೆ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಅದಕ್ಕೆ ಜೋಡಿಸುವ ಚಿಕ್ಕ ನೀರಿನ ಪೆಟ್ಟಿಗೆಯೇ ಹ್ಯುಮಿಡಿಫೈಯರ್. ಅದರ ತಳ ಸ್ವಲ್ಪ ಬೆಚ್ಚಗಾಗಿ ಗಾಳಿಗೆ ತೇವ ಕೊಡುತ್ತದೆ. ಬೇಸಿಗೆಯಲ್ಲಿ ಅದು ಬೇಕೇ ಬೇಕೆಂದಿಲ್ಲ. ಆದರೆ ಪುಣೆಯ ಜನವರಿಯ ಗಾಳಿ ನಿಮಗೆ ಗೊತ್ತು, ತುಟಿ ಒಡೆದು ರಕ್ತ ಬರುವಷ್ಟು ಒಣಗಿರುತ್ತದೆ. ಆ ಗಾಳಿಯನ್ನು ಎಂಟು ಗಂಟೆ ಒತ್ತಿ ಒತ್ತಿ ಮೂಗಿನೊಳಗೆ ಕಳಿಸಿದರೆ ಮೂಗು ಏನಾಗಬೇಕು?

ಹಾಗೆಂದು ಮೊದಲು ನನಗೆ ನೀರಿನಿಂದಲೂ ತೊಂದರೆಯೇ ಆಗಿತ್ತು. ಡಿಸೆಂಬರಿನಲ್ಲಿ ನಮ್ಮ ಕೋಣೆಯ ಮುಚ್ಚದ ಕಿಟಕಿಯ ಕೃಪೆಯಿಂದ ಕೊಳವೆ ತಣ್ಣಗಾಗಿ, ಒಳಗಿನ ತೇವವೆಲ್ಲ ಹನಿಗಟ್ಟಿ, ನಡುರಾತ್ರಿ ತಣ್ಣೀರು ಸೀದಾ ಮೂಗಿಗೆ ಬರುತ್ತಿತ್ತು. ಮುಳುಗುತ್ತಿದ್ದೇನೆ ಎಂದು ಕಿರುಚಿ ಎದ್ದಿದ್ದೇನೆ. ಆಮೇಲೆ ಡಾಕ್ಟರು ಫೋನಿನಲ್ಲಿ ಹೇಳಿದಂತೆ ಯಂತ್ರವನ್ನು ಮಂಚಕ್ಕಿಂತ ಕೆಳಗೆ ಸ್ಟೂಲಿನ ಮೇಲಿಟ್ಟೆ, ಬಿಸಿಯನ್ನು ಒಂದು ಹಂತ ಇಳಿಸಿದೆ, ಅವ್ವನ ಹಳೆಯ ಸ್ವೆಟರಿನ ಎರಡು ತೋಳು ಕತ್ತರಿಸಿ ಕೊಳವೆಗೆ ತೊಡಿಸಿ ಹೊದಿಕೆಯ ಒಳಗಿನಿಂದ ತಂದೆ. ರೂಮ್‌ಮೇಟ್ ರೋಹಿತ ನೋಡಿ, "ಏನಪಾ, ಹೆಬ್ಬಾವಿಗೂ ಥಂಡಿ ಹತ್ತೇತೇನು?" ಎಂದ. ಹದಿನೇಳು ರಾತ್ರಿ ಚೆನ್ನಾಗಿ ಮಲಗಿದೆ. ಬೆಳಿಗ್ಗೆ ಯಂತ್ರದ ಪರದೆಯಲ್ಲಿ ಮೂವತ್ತೆಂಟರ ಜಾಗದಲ್ಲಿ ಮೂರು ಎಂದು ಕಾಣುವಾಗ ಪಾಸಾದಂತೆ ಅನ್ನಿಸುತ್ತಿತ್ತು.

ಸಂಕ್ರಾಂತಿ ಮುಗಿದ ಮರುದಿನ ನಿಮ್ಮ ನೋಟಿಸು ಬಂತು. "ನೀರನ್ನು ಕಾಯಿಸುವ ಯಾವುದೇ ವಿದ್ಯುತ್ ಸಾಧನವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಕಚೇರಿಗೆ ಒಪ್ಪಿಸತಕ್ಕದ್ದು." ಕಾರಣ ನನಗೂ ಗೊತ್ತು. ಕೆಳಗಿನ ಮಹಡಿಯಲ್ಲಿ ಯಾರೋ ಬಕೆಟ್ಟಿನಲ್ಲಿ ರಾಡು ಬಿಟ್ಟು ಪರೀಕ್ಷೆಗೆ ಹೋಗಿದ್ದರು. ಬಕೆಟ್ಟು ಕರಗಿ ಗಾದಿಗೆ ಬೆಂಕಿ ಹತ್ತಿತ್ತು. ಬೆಂಕಿಗೆ ಹೆದರಿದ ನಿಮ್ಮನ್ನು ನಾನು ಆಡಿಕೊಳ್ಳುವುದಿಲ್ಲ.

ಈಗ ನಿಮ್ಮ ಪರವಾಗಿ ಒಂದು ಸತ್ಯ ಹೇಳಿಬಿಡುತ್ತೇನೆ. ನನ್ನ ಪೆಟ್ಟಿಗೆಯನ್ನು ಯಾರೂ ಕಸಿದುಕೊಳ್ಳಲಿಲ್ಲ. ನಾನೇ ಕಳಚಿ, ನೀರು ಚೆಲ್ಲಿ, ಟವೆಲಿನಿಂದ ಒರೆಸಿ, ಒಂಬತ್ತನೇ ನಂಬರಿನ ಕೋಣೆಯಿಂದ ಕಚೇರಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಯಾಕೆ ಕೊಟ್ಟೆ ಎಂದು ಎಲ್ಲರೂ ಕೇಳುತ್ತಾರೆ. ಒಂಬತ್ತನೇ ವಯಸ್ಸಿನಿಂದ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವರಿಗೆ ಗೊತ್ತು. ನೋಟಿಸಿನಲ್ಲಿ 'ಯಾವುದೇ' ಎಂದಿದ್ದರೆ ನಮ್ಮಂಥವರಿಗೆ ಅದು ನಮ್ಮ ಹೆಸರು ಹಿಡಿದು ಕರೆದ ಹಾಗೆ. ಅದು ನೀರು ಕಾಯಿಸುತ್ತದೆಯೇ? ಕಾಯಿಸುತ್ತದೆ. ಮುಗಿಯಿತು. ರಾಡು ಬಚ್ಚಿಟ್ಟವರ ಬಿಸಿನೀರಿನ ಸ್ನಾನ ಈಗಲೂ ನಡೆದಿದೆ. ಯಾರೆಂದು ನಾನು ಹೇಳುವುದಿಲ್ಲ. ನಿಮ್ಮ ನಿಯಮಕ್ಕೆ ಸಿಕ್ಕಿದ್ದು ನಿಯಮ ಪಾಲಿಸಿದವನ ಮೂಗು.

ಸ್ಟೋರ್ ನೋಡಿಕೊಳ್ಳುವ ಗುರಣ್ಣನಿಗೇ ಅಂದು ಅನುಮಾನ ಬಂದಿತ್ತು.

"ತಮ್ಮಾ, ಇದು ದವಾಖಾನಿ ಸಾಮಾನ ಇದ್ದಂಗ ಅದಲ್ಲೋ?"

"ಹೌದ್ರಿ. ಆದ್ರ ನೀರು ಕಾಸತದ."

"ನಾ ಕೇಳಿಲ್ಲ ನೋಡು ಮತ್ತ. ನೀನ ಕೊಟ್ಟಿ."

"ಹೌದ್ರಿ, ನಾನ ಕೊಟ್ಟೆ."

ಎರಡು ರಾತ್ರಿಯಾದ ಮೇಲೆ ಹೋಗಿ ವಾಪಸ್ ಕೇಳಿದಾಗ ಅವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. "ಇಲ್ನೋಡು, ತಗೊಂಡಿದ್ದರ ಕಾಲಂ ಅಷ್ಟ ಅದ. ಕೊಟ್ಟಿದ್ದರ ಕಾಲಂ ಸಾಹೇಬ್ರು ಮಾಡೇ ಇಲ್ಲ. ವರ್ಷದ ಕಡೀಕ ನಿಮ್ಮ ಮನಿಯವರು ಬಂದು ಸಹಿ ಮಾಡಿದ್ರ ಕೊಡೂದು. ನಾ ಏನ್ ಮಾಡ್ಲಿ?" ಪಾಪ, ತಮ್ಮ ಕಡೆಯಿಂದ ಏನಾದರೂ ಇರಲಿ ಎಂದು ಮೂಗಿಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಳ್ಳಲು ಹೇಳಿದರು. ಈ ಯಂತ್ರ ಹಾಕುವವರು ಮೂಗಿಗೆ ಎಣ್ಣೆ ಬಿಡಬಾರದು. ಗಾಳಿಯ ಜೊತೆ ಎದೆಗೆ ಇಳಿಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಗುರಣ್ಣನಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಎಣ್ಣೆಯ ಬಾಟಲಿಯನ್ನೂ ತಂದು ಕೊಟ್ಟಿದ್ದರು.

ಆಮೇಲೆ ನಿಮ್ಮ ಕೋಣೆಗೆ ಬಂದೆ. "ಮಷೀನ್ ನಿನ್ನ ಹತ್ರನ ಅದಲ್ಲಪಾ? ಅದನ್ನ ನಾವು ಮುಟ್ಟಿಲ್ಲ. ಗಾಳಿ ಬರ್ತದೋ ಇಲ್ಲೋ?" ಎಂದು ಕೇಳಿದಿರಿ. ಬರುತ್ತದೆ ಎಂದೆ. "ಮತ್ತೇನು!" ಎಂದಿರಿ. ಆ 'ಮತ್ತೇನು'ಗೆ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಒಣ ಗಾಳಿಗೆ ಮೊದಲ ರಾತ್ರಿ ಮೂಗು ಕಟ್ಟಿತು. ಮೂಗು ಕಟ್ಟಿದರೆ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ಗಾಳಿಯೆಲ್ಲ ಅಲ್ಲಿಂದ ಹೊರಗೆ ಹೋಗುತ್ತದೆ, ನಾಲಿಗೆ ಚಪ್ಪಲಿಯ ಅಟ್ಟೆಯಂತೆ ಒಣಗುತ್ತದೆ. ಎರಡನೆಯ ರಾತ್ರಿ ಮಾಸ್ಕಿನೊಳಗೆ ರಕ್ತವಿತ್ತು. ಮೂರನೆಯ ರಾತ್ರಿಯಿಂದ ಇನ್ನೊಂದು ಶುರುವಾಯಿತು. ನಿದ್ದೆಯಲ್ಲಿ ನನ್ನ ಕೈಯೇ ಮಾಸ್ಕನ್ನು ಕಿತ್ತು ಎಸೆಯುತ್ತದೆ. ನನಗೆ ಗೊತ್ತೇ ಆಗುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಆ ರಾತ್ರಿ ನಾನು ಅದನ್ನು ಹಾಕಿದ್ದು ಒಂದು ಗಂಟೆ ಹತ್ತು ನಿಮಿಷ. ಉಳಿದ ಹೊತ್ತು ಏನಾಯಿತೆಂದು ಯಂತ್ರಕ್ಕೆ ತಿಳಿಯದು. ರೋಹಿತನಿಗೆ ತಿಳಿಯಿತು. ಅವನು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಇನ್ನೊಂದು ಕೈಯಲ್ಲಿ ಮೊಬೈಲಿನ ಟೈಮರ್ ಓಡುತ್ತಿತ್ತು.

"ಮೂವತ್ತೊಂದು," ಎಂದ.

"ಏನ್ ಮೂವತ್ತೊಂದು?"

"ಸೆಕೆಂಡ್ ಲೇ. ಉಸರಽ ಇರ್ಲಿಲ್ಲ ನಿಂದು. ಇನ್ನೊಂದ್ ಸೆಕೆಂಡ್ ಆಗಿದ್ರ ಕಪಾಳಕ್ಕ ಬಿಡಾಂವ ಇದ್ದೆ."

"ಹೊಡೀತಿದ್ದೇನು?"

"ಮತ್ತೇನ್ ಆರತಿ ಎತ್ತಲೇನು? ಮಲಕೋ, ನಾ ಕುಂತಿರ್ತೀನಿ."

ಅಂದಿನಿಂದ ರೋಹಿತ ನನ್ನನ್ನು ಕಾಯುತ್ತಿದ್ದಾನೆ. ಮಾಸ್ಕು ಬಿದ್ದರೆ ಮತ್ತೆ ಹಾಕುತ್ತಾನೆ. ಹಗಲು ಕ್ಲಾಸಿನಲ್ಲಿ ಇಬ್ಬರೂ ತೂಕಡಿಸಿ ಇಬ್ಬರೂ ಬೈಸಿಕೊಳ್ಳುತ್ತೇವೆ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ನಿಮ್ಮ ಕಪಾಟಿನಲ್ಲಿರುವ ಪೆಟ್ಟಿಗೆಯ ಬದಲು ಕೆಲಸ ಮಾಡುತ್ತಿದ್ದಾನೆ ಸಾರ್. ಅವನಿಗೂ ಒಂದು ಕಾಲಂ ಹಾಕಿಸಿ.

ನನ್ನ ಭಯಕ್ಕೆ ಒಂದು ಮುಖವಿದೆ. ಅಪ್ಪ ಶಿವಪ್ಪ ಮಾರ್ಕೆಟ್ ಯಾರ್ಡಿನ ಈರುಳ್ಳಿ ಗಾಳೆಯಲ್ಲಿ, ಅಂದರೆ ಸಗಟು ಅಂಗಡಿಯಲ್ಲಿ, ತೂಕದ ಗುಮಾಸ್ತರಾಗಿದ್ದರು. ತಕ್ಕಡಿಯ ಪಕ್ಕ ನಿಂತೇ ನಿದ್ದೆ ಹೋಗುತ್ತಿದ್ದರು. ಹಮಾಲರು ಅವರ ಕಿವಿಯ ಹತ್ತಿರ ಟ್ರಕ್ಕಿನಂತೆ ಹಾರ್ನ್ ಮಾಡಿ ನಗುತ್ತಿದ್ದರು. ಮನೆಯಲ್ಲಿ ಅವರ ಗೊರಕೆ ನಮಗೆಲ್ಲ ತಮಾಷೆ. ಗೊರಕೆ ನಿಂತು, ತಡೆದು, ಮತ್ತೆ ಶುರುವಾಗುವಾಗ ನಾವು ಮಕ್ಕಳು "ಗೇರ್ ಬದಲಿಸಿದ್ರು" ಎನ್ನುತ್ತಿದ್ದೆವು. ಮೂರು ವರ್ಷದ ಹಿಂದೆ ಇದೇ ಚಳಿಯಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಯಾವ ಪರೀಕ್ಷೆಯೂ ಆಗಿರಲಿಲ್ಲವಾದ್ದರಿಂದ ಇದರಿಂದಲೇ ಹೋದರು ಎಂದು ಯಾವ ಡಾಕ್ಟರೂ ಹೇಳಿಲ್ಲ, ನಾನೂ ಹೇಳಲಾರೆ. ಬಂದವರೆಲ್ಲ ಅವ್ವನಿಗೆ ಹೇಳಿದ್ದು ಒಂದೇ ಮಾತು: "ನಿದ್ದಿಯೊಳಗ ಹ್ವಾದ್ರು, ಪುಣ್ಯವಂತರು." ಅವ್ವ ಯಾರಿಗೂ ಏನೂ ಅನ್ನಲಿಲ್ಲ. ಆದರೆ ಮುಂದಿನ ಬೇಸಿಗೆ ರಜೆಯಲ್ಲಿ ನನ್ನ ಗೊರಕೆ ಕೇಳಿ, ಬೆಳಕು ಹರಿಯುವ ಮೊದಲೇ ನನ್ನನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಗದ್ದ ಅಪ್ಪನದೇ ಅಲ್ಲವೇ.

ಪಾಲಕರ ಸಹಿಯನ್ನು ಈಗಲೇ ತರುವುದು ಕಷ್ಟವೇ ಎಂದು ಕೇಳುತ್ತೀರಿ. ಅವ್ವ ಕಲ್ಲವ್ವ ಇಂದಾಪುರದ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾಳೆ. ಹೇಳಿದರೆ ಮೊದಲ ಬಸ್ಸಿಗೇ ಬರುತ್ತಾಳೆ. ಬಂದವಳು ಪೆಟ್ಟಿಗೆಯನ್ನಷ್ಟೇ ತೆಗೆದುಕೊಂಡು ಹೋಗುವುದಿಲ್ಲ, ನನ್ನನ್ನೂ ಕರೆದುಕೊಂಡು ಹೋಗುತ್ತಾಳೆ. ಕಾಲೇಜು ಅಲ್ಲಿಗೆ ಮುಗಿಯಿತು. ಅದಕ್ಕೇ ಒಂಬತ್ತು ದಿನದಿಂದ ಸುಳ್ಳು ಹೇಳುತ್ತಿದ್ದೇನೆ. ದಿನಾ ಬೆಳಿಗ್ಗೆ ಆರಕ್ಕೆ ಫೋನು. "ಮಾಸ್ಕ್ ಹಾಕ್ಕೊಂಡಿದ್ದಿಲ್ಲೋ?" "ಹಾಕ್ಕೊಂಡಿದ್ದೆ ಬೇ." "ನೀರ್ ತುಂಬಿಸಿದ್ದಿ?" "ಹ್ಞೂ ಬೇ." ಆ ಎರಡನೆಯ ಪ್ರಶ್ನೆಗೆ ದನಿ ಸರಿಯಾಗಿಟ್ಟುಕೊಳ್ಳುವುದು ಯಾವ ಪರೀಕ್ಷೆಗಿಂತ ಸುಲಭ, ನೀವೇ ಹೇಳಿ.

ನಾಳೆ ಬೆಳಿಗ್ಗೆ ರೋಹಿತ ಅಕ್ಕನ ಮದುವೆಗೆ ಅಕ್ಕಲಕೋಟೆಗೆ ಹೊರಡುತ್ತಾನೆ. ಐದು ದಿನ. ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ. ನಾನೇ ಬೈದು ಒಪ್ಪಿಸಿದೆ. ತಮ್ಮನಿಲ್ಲದೆ ಆ ಹುಡುಗಿಯ ಮದುವೆಯಾಗುವುದೇ, ನಿಮ್ಮ ರಿಜಿಸ್ಟರಿನಲ್ಲಿ ಒಂದು ಕಾಲಂ ಇಲ್ಲವೆಂದು? ಹಾಗಾಗಿ ನಾಳೆಯಿಂದ ಒಂಬತ್ತನೇ ಕೋಣೆಯಲ್ಲಿ ನಾನೊಬ್ಬನೇ. ಮಾಸ್ಕು ಬಿದ್ದರೆ ಹಾಕುವವರಿಲ್ಲ, ಎಣಿಸುವವರಿಲ್ಲ. ನಿದ್ದೆ ಮಾಡದೆ ಕೂತಿರಬೇಕೆಂದುಕೊಂಡಿದ್ದೇನೆ. ಐದು ರಾತ್ರಿ ಯಾರು ಕೂತಾರು? ಹೆದರಿಕೆಯಾಗುತ್ತಿದೆ ಸಾರ್. ವ್ಯಂಗ್ಯವಾಗಿ ಬರೆಯಬೇಕೆಂದು ಕೂತೆ. ಈ ವಾಕ್ಯಕ್ಕೆ ಬರುವಾಗ ಬರೀ ಹೆದರಿಕೆ ಉಳಿದಿದೆ.

ಬೆಂಕಿಯ ಭಯ ನಿಮಗಿದ್ದರೆ ನನ್ನ ಪೆಟ್ಟಿಗೆಯನ್ನು ಗುರಣ್ಣನ ಎದುರೇ ಯಂತ್ರಕ್ಕೆ ಜೋಡಿಸಿ ಕರೆಂಟು ಹಾಕಿ, ಅಂಗೈ ಇಟ್ಟು ನೋಡಿ. ಒಲೆಯಿಂದಿಳಿಸಿ ಆರಿದ ಚಹಾದ ಲೋಟದಷ್ಟು ಬೆಚ್ಚಗಿರುತ್ತದೆ. ನಿಮ್ಮ ಕುರ್ಚಿಯ ಹಿಂದಿನ ಕಿಟಕಿಕಟ್ಟೆಯ ಮೇಲಿರುವ ಎಲೆಕ್ಟ್ರಿಕ್ ಕೆಟಲ್ ಇದಕ್ಕಿಂತ ಹೆಚ್ಚು ಕಾಯುತ್ತದೆ. ನಾನು ಅರ್ಜಿ ಹಿಡಿದು ನಿಂತಿದ್ದಾಗಲೂ ಕುದಿಯುತ್ತಿತ್ತು. ಅದು ನೋಟಿಸನ್ನು ಓದಿಲ್ಲವೆಂದು ಕಾಣುತ್ತದೆ.

ನಾಳೆ ರಾತ್ರಿ ಒಂಬತ್ತರ ಹಾಜರಿಗೆ ಮುಂಚೆ ಕಪಾಟಿನ ಬೀಗ ತೆಗೆಸಿ, ಪೆಟ್ಟಿಗೆಯನ್ನು ನನಗೆ ಕೊಡಿಸಿ. ಸಹಿ ನನ್ನದೇ ಇರಲಿ. ಒಪ್ಪಿಸುವಾಗ ನನ್ನ ಸಹಿ ನಡೆದಿತ್ತಲ್ಲ. ಕಾಲಂ ಇಲ್ಲದಿದ್ದರೆ ಸ್ಕೇಲು ಹಿಡಿದು ನಾನೇ ಗೆರೆ ಎಳೆದುಕೊಡುತ್ತೇನೆ. ಇಷ್ಟೂ ಆಗದಿದ್ದರೆ, ಆಗಬಾರದ್ದು ಆಗಿ ನೀವು ಇಂದಾಪುರಕ್ಕೆ ಫೋನು ಮಾಡಬೇಕಾಗಿ ಬಂದರೆ, ನಿಮ್ಮಲ್ಲಿ ಇನ್ನೊಂದು ಕೋರಿಕೆ. ನಮ್ಮ ಅವ್ವನಿಗೆ ಏನು ಬೇಕಾದರೂ ಹೇಳಿ. ನಿದ್ದೆಯಲ್ಲಿ ಹೋದ, ಪುಣ್ಯವಂತ ಎಂದು ಮಾತ್ರ ಹೇಳಬೇಡಿ. ಆ ಮಾತನ್ನು ಅವಳು ಒಮ್ಮೆ ಸುಮ್ಮನೆ ಕೇಳಿಸಿಕೊಂಡಿದ್ದಾಳೆ.

ಇಂತಿ,
ಯಾರೂ ಕೇಳದಿದ್ದರೂ ತಂದು ಒಪ್ಪಿಸಿದ,
ಈಗ ಎಷ್ಟು ಕೇಳಿದರೂ ವಾಪಸ್ ಪಡೆಯಲಾಗದ,
ರಕ್ಷಿತ ಶಿವಪ್ಪ
ಮೊದಲ ವರ್ಷ, ಕೋಣೆ ಒಂಬತ್ತು, ಮುಚ್ಚದ ಕಿಟಕಿಯ ಕಡೆಯ ಮಂಚ