ಅಂಟದ ಅಂಟು

ಫೆಬ್ರವರಿ 9, ಬೆಳಿಗ್ಗೆ ಆರೂವರೆ

ಮತ್ತೆ ದಿಂಬಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ. ಟವೆಲ್ ಒದರಿದೆ. ಎಣ್ಣೆ ಬೆಚ್ಚಗೆ ಮಾಡಿ ಬೈತಲೆಯುದ್ದಕ್ಕೂ ಹಚ್ಚಿಕೊಂಡೆ. ಒಂದು ಗಂಟೆ ಕೂರಬೇಕು. ಕೂತಿದ್ದೇನೆ. ಕೆರೆಯಬಾರದು. ಕೆರೆಯುತ್ತಿಲ್ಲ... ಸ್ವಲ್ಪ ಕೆರೆದೆ.

ಬೈಂಡಿಂಗ್ ಅಂಗಡಿಯಲ್ಲಿ ಈ ವಾರ ಪೂರ್ತಿ ಕಪ್ಪು ರಟ್ಟಿನ ಕೆಲಸ. ಕಾಲೇಜಿನವರ ಪ್ರಬಂಧಗಳು. ನಾನು ಬಗ್ಗಿದರೆ ಸಾಕು, ಕಪ್ಪಿನ ಮೇಲೆ ಬಿಳಿ ಚುಕ್ಕಿ. ಉದುರುವುದು ಕಾಣದಿರಲೆಂದೇ ಮೇಸ್ತ್ರಿಯ ಪಕ್ಕದ ಜಾಗ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಕೂತು ಪುಸ್ತಕ ಹೊಲಿಯುತ್ತೇನೆ. ಮೂರು ತಿಂಗಳಾಯಿತು. ತಲೆಗೆ ಸ್ಕಾರ್ಫ್. ಶೀತ ಎಂದಿದ್ದೇನೆ. ಮೂರು ತಿಂಗಳ ಶೀತ! ಮೇಸ್ತ್ರಿ ಏನೂ ಕೇಳಲಿಲ್ಲ. ಅಂಗಡಿಯಲ್ಲಿ ಇರುವವರೇ ಅವರು, ನಾನು. ಮನೆಯಲ್ಲಿ ನಾನು, ನಾನು.

ಮಗಳ ಮಗುವಿಗೆ ಇವತ್ತು ಇಪ್ಪತ್ತಾರು ದಿನ. ನಾನಿನ್ನೂ ನೋಡಿಲ್ಲ. ಫೋಟೋದಲ್ಲಿ ನೋಡಿದ್ದೆಲ್ಲ ನೋಡಿದ ಹಾಗಲ್ಲ. ಹೊರಟು ನಿಂತಿದ್ದೆ, ಬ್ಯಾಗ್ ಕೂಡ ತುಂಬಿಯಾಗಿತ್ತು. ಆಗ ಮಗಳ ಫೋನ್— "ಅಮ್ಮಾ, ಈಗ್ಲೇ ಬರಬೇಡ. ನಿನ್ ತಲೆ ವಾಸಿ ಆಗ್ಲಿ, ಆಮೇಲೆ ಬಾ."

ಬ್ಯಾಗ್ ಇನ್ನೂ ಬಿಚ್ಚಿಲ್ಲ.

ಫೆಬ್ರವರಿ 12

ಚರ್ಮದ ಡಾಕ್ಟರ ಹತ್ತಿರ ಹೋದೆ. ಕೊನೆಗೂ. ಇಷ್ಟು ದಿನ ಹೊಟ್ಟು ಎಂದುಕೊಂಡು ಸಿಕ್ಕಸಿಕ್ಕ ಶಾಂಪೂ ಸುರಿದುಕೊಂಡಿದ್ದೇ ಬಂತು. ಡಾಕ್ಟರಿಗೆ ನನ್ನ ಮಗಳ ವಯಸ್ಸು. ಬರಿಗೈಯಲ್ಲೇ ಕೂದಲು ಬಿಡಿಸಿ ಬಿಡಿಸಿ ನೋಡಿದಳು. ಗ್ಲೌಸ್ ಇಲ್ಲ. ಕಣ್ಣು ತುಂಬಿತು. ಒಬ್ಬರು ನನ್ನ ತಲೆ ಮುಟ್ಟಿ ಎಷ್ಟು ದಿನವಾಗಿತ್ತೋ.

"ಹೊಟ್ಟಲ್ಲಮ್ಮ, ಇದು ಸೋರಿಯಾಸಿಸ್."

"ಅಂಟಾ?"

"ಅಂಟಲ್ಲ. ಮುಟ್ಟಿದ್ರೂ, ತಬ್ಕೊಂಡ್ರೂ, ಒಂದೇ ಬಾಚಣಿಗೇಲಿ ತಲೆ ಬಾಚಿದ್ರೂ ಅಂಟಲ್ಲ."

"ವಾಸಿ ಆಗುತ್ತಾ?"

"ಹತೋಟಿಗೆ ಬರುತ್ತೆ. ಹೋಗುತ್ತೆ, ಮತ್ತೆ ಬರುತ್ತೆ. ನೆಂಟರ ಥರ. ನಿಮ್ಮನೇಲಿ ಬೇರೆ ಯಾರಿಗಾದ್ರೂ ಇದೆಯಾ? ರಕ್ತಸಂಬಂಧದಲ್ಲಿ ಬರಬಹುದು."

ಇಲ್ಲ ಎಂದೆ. "ನೀವು ಮಾತ್ರ ತಲೆ ಕೆಡಿಸ್ಕೋಬೇಡಿ" ಎಂದಳು. ಕೆಟ್ಟಿರೋದೇ ತಲೆಯಲ್ವಾ ಎಂದೆ. ಇಬ್ಬರೂ ನಕ್ಕೆವು.

ಪೊರೆ ಮೆತ್ತಗಾಗಲು ಮುಲಾಮು. ರಾತ್ರಿ ಲೋಷನ್, ನಾಲ್ಕೇ ವಾರ. ವಾರಕ್ಕೆರಡು ಸಲ ಟಾರಿನ ಶಾಂಪೂ. ಹೊಸ ರಸ್ತೆಯ ವಾಸನೆ.

ಸಂಜೆ ಮಗಳಿಗೆ ಫೋನ್ ಮಾಡಿದೆ. "ಅಂಟಲ್ಲ ಅಂದ್ರು ಕಣೇ." ಆ ಕಡೆ ಮಗು ಅಳುತ್ತಿತ್ತು. ಆಮೇಲೆ, "ಮತ್ತೆ ಹೇಗ್ ಬರುತ್ತಂತೆ?"

"ರಕ್ತಸಂಬಂಧದಲ್ಲಿ ಬರಬಹುದಂತೆ."

"ಸರಿ ಬಿಡು. ಮೊದ್ಲು ವಾಸಿ ಆಗ್ಲಿ."

ವಾಸಿಯಾಗುವ ಜಾತಿಯದಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಫೆಬ್ರವರಿ 13

ಅಂಟಲ್ಲ. ಅಂಟಲ್ಲ. ಅಂಟಲ್ಲ. ಬರೆದರೇನು, ಓದುವವಳು ನಾನೊಬ್ಬಳೇ.

ಮಾರ್ಚ್ 5

ಮುಲಾಮನ್ನು ಮಧ್ಯಾಹ್ನವೂ ಕಿವಿಯ ಹಿಂದೆ ಹಚ್ಚಬೇಕು. ಅಂಗಡಿಗೆ ಒಯ್ಯುವುದು ಹೇಗೆ? ಉಪಾಯ ಹೊಳೆಯಿತು— ಅಂಗಡಿಯದೇ ಖಾಲಿ ಡಬ್ಬಿ. ಮುಚ್ಚಳದ ಮೇಲೆ ಮೇಸ್ತ್ರಿಯ ದಪ್ಪ ಅಕ್ಷರ: ಅಂಟು. ಅಳಿಸದೆ ಹಾಗೇ ಬಿಟ್ಟೆ. ಯಾರೂ ತೆಗೆದು ಮೂಸುವುದಿಲ್ಲ. ತಲೆ ಇದ್ದರೆ ಸಾಲದು, ಓಡಿಸಬೇಕು.

ಮಾರ್ಚ್ 9, ಸಂಜೆ

ತಲೆ ಓಡಿಸಿದ್ದು ಸಾಕಾಯಿತು.

ನಾನು ಊಟಕ್ಕೆ ಹೋಗಿದ್ದಾಗ ಮೇಸ್ತ್ರಿ ನನ್ನ ಡಬ್ಬಿಗೇ ಬ್ರಷ್ ಅದ್ದಿ ಮೂರು ಪುಸ್ತಕದ ಬೆನ್ನಿಗೆ ಬಳಿದಿದ್ದಾರೆ. ಬಂದು ನೋಡಿದರೆ ರಟ್ಟು ಒಂದು ಕಡೆ, ಹಾಳೆ ಒಂದು ಕಡೆ.

"ಏನಮ್ಮಾ ಇದು, ಈ ಅಂಟು ಅಂಟೋದೇ ಇಲ್ವಲ್ಲ!"

ನಗು ಬಂತು. ತಡೆಯಲಾಗಲಿಲ್ಲ. ನಗುತ್ತಲೇ ಅಳು. "ಅಂಟಲ್ಲ ಮೇಸ್ತ್ರಿ, ಡಾಕ್ಟ್ರೇ ಹೇಳಿದ್ದಾರೆ" ಎಂದೆ. ಸ್ಕಾರ್ಫ್ ಬಿಚ್ಚಿದೆ. ಎಲ್ಲ ಹೇಳಿದೆ.

ಬ್ರಷ್ ಹಿಡಿದುಕೊಂಡೇ ನಿಂತಿದ್ದರು. "ಗೋಡೆ ಕಡೆ ಹೋಗಿ ಕೂತಿದ್ದು ಇದಕ್ಕಾ?"

"ಹೂಂ."

"ಅಯ್ಯೋ, ನನ್ ಸಿಗರೇಟ್ ವಾಸ್ನೆಗೆ ಅಂದ್ಕೊಂಡು ನಾಲ್ಕು ತಿಂಗ್ಳಿಂದ ಒಂದೂ ಸೇದಿಲ್ಲವಲ್ಲಮ್ಮ ನಾನು!"

ನನ್ನ ಕುರ್ಚಿಯನ್ನು ತಾವೇ ಎಳೆದು ಹಳೆಯ ಜಾಗಕ್ಕೆ ಹಾಕಿದರು. ಉದುರಿದ್ರೆ ಊದಿದ್ರಾಯ್ತು, ಕಾಗದದ ಧೂಳು ಊದಲ್ವಾ ಎಂದರು. ನಾನು ನನ್ನ ತಲೆ ಮುಚ್ಚಿಕೊಂಡೆ. ಅವರು ತಮ್ಮದೇ ತಪ್ಪು ಎಂದುಕೊಂಡು ಬಾಯಿ ಕಟ್ಟಿಕೊಂಡರು. ಒಂದೇ ಅಂಗಡಿಯಲ್ಲಿ ಇದ್ದೆವು. ಮೂರೂ ಪುಸ್ತಕ ಬಿಚ್ಚಿ ಒರೆಸಿ ಮತ್ತೆ ಕಟ್ಟುವಷ್ಟರಲ್ಲಿ ಆರು ಗಂಟೆಯಾಯಿತು.

ಮಾರ್ಚ್ 22

ಎರಡು ಕನ್ನಡಿ ಹಿಡಿದು ನೋಡಿದೆ. ಹಿಂದೆ ಒಂದು ಪೊರೆಯೂ ಇಲ್ಲ! ಫೋಟೋ ತೆಗೆದು ಮಗಳಿಗೆ ಕಳಿಸಿದೆ. ನೋಡಿದ್ದಾಳೆ.

ಮಾರ್ಚ್ 24

ಮಗಳ ಉತ್ತರ ಬಂತು— "ಇನ್ನೂ ಸ್ವಲ್ಪ ದಿನ ಹೋಗ್ಲಿ ಅಮ್ಮಾ."

ಹಾಗಾದರೆ ತಲೆಯ ಮಾತಲ್ಲ. ನಾನೇ ಬೇಡ.

ಏಪ್ರಿಲ್ 16

ಮೂರು ವಾರ ಬರೆದಿಲ್ಲ. ಲೋಷನ್ ನಿಲ್ಲಿಸಿದ ಮೇಲೆ ನೆಂಟರು ಬಂದಿದ್ದಾರೆ, ಹೇಳದೆ ಕೇಳದೆ. ಬೈತಲೆಯ ಎರಡೂ ಬದಿಗೆ ಹಾಸಿಕೊಂಡು ಮಲಗಿದ್ದಾರೆ.

ಮಗುವಿಗೆ ಮೂರು ತಿಂಗಳು ತುಂಬಿತು. ಕತ್ತು ನಿಂತಿದೆಯಂತೆ. ಅಳಿಯ ಮೆಸೇಜ್ ಮಾಡಿದ್ದರು. ಮಗಳಲ್ಲ.

ರಟ್ಟು ಕತ್ತರಿಸುತ್ತಾ ಮೇಸ್ತ್ರಿಯ ಹತ್ತಿರ ಎಲ್ಲ ತೋಡಿಕೊಂಡೆ. ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು.

"ನಾನು ನಿನ್ನ ಒಂದ್ ಮಾತು ಕೇಳ್ದೆ ಸಿಗರೇಟ್ ಬಿಟ್ಟೆ. ನೀನು ಕೇಳ್ದೆ ಮಗಳನ್ನೇ ಬಿಡ್ತೀಯಾ? ಹೋಗಿ ಕೇಳಮ್ಮ."

ಬ್ಯಾಗ್ ತುಂಬಿಯೇ ಇತ್ತು.

ಏಪ್ರಿಲ್ 17, ಮಧ್ಯಾಹ್ನ, ಮಗಳ ಮನೆ

ನಾನೂ ಹೇಳದೆ ಕೇಳದೆ ಬಂದ ನೆಂಟಳು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ದಾರಿಯುದ್ದಕ್ಕೂ ಕೇಳಬೇಕಾದ ಮಾತು ಜೋಡಿಸಿಕೊಂಡೆ. ಬಾಗಿಲು ತೆರೆಯಿತು. ಜೋಡಿಸಿದ್ದೆಲ್ಲ ಮರೆತೆ.

ಈ ಸೆಕೆಯಲ್ಲಿ ಮಗಳು ತಲೆಗೆ ಸ್ಕಾರ್ಫ್ ಕಟ್ಟಿದ್ದಳು.

"ಶೀತ ಅಮ್ಮಾ" ಎಂದಳು.

ಶೀತವಂತೆ. ನನಗೆ ಹೇಳುತ್ತಾಳೆ!

ನಾನೇ ಬಿಚ್ಚಿದೆ. ಕಿವಿಯ ಹಿಂದೆ, ಕತ್ತಿನ ಅಂಚಿನಲ್ಲಿ, ಅದೇ ಬಿಳಿ ಪೊರೆ. ಕೆರೆದು ಕೆರೆದು ರಕ್ತ. ಹೆರಿಗೆಯಾಗಿ ಎರಡು ವಾರಕ್ಕೇ ಶುರುವಾಯಿತಂತೆ. ಡಾಕ್ಟರಿಗೆ ತೋರಿಸಿಲ್ಲ, ಗಂಡನಿಗೆ ಹೇಳಿಲ್ಲ.

"ನೀನ್ ನೋಡಿದ್ರೆ ನಿನ್ನಿಂದ್ಲೇ ಬಂತು ಅಂತ ಕೊರಗ್ತೀಯ. ಅದಕ್ಕೇ ಬರಬೇಡ ಅಂದೆ. ಹೋದ್ಮೇಲೆ ಕರೆಯೋಣ ಅಂತಿದ್ದೆ... ಇದು ಹೋಗ್ತಾನೇ ಇಲ್ಲ ಅಮ್ಮಾ."

ಕೊರಗುವುದಿಲ್ಲ ಎಂದು ಸುಳ್ಳು ಹೇಳಿದೆ. ತಬ್ಬಿಕೊಂಡೆವು. ಯಾರ ಪೊರೆ ಯಾರ ಹೆಗಲ ಮೇಲೋ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಎಣ್ಣೆ ಬೆಚ್ಚಗಾಗಲು ಇಟ್ಟು ಬಂದೆ. ಒಳಗಿನಿಂದ ಕೂಗುತ್ತಿದ್ದಾಳೆ— "ನನ್ ಬಾಚಣಿಗೆ ಸಿಕ್ತಿಲ್ಲ, ನಿಂದೇ ಕೊಡಮ್ಮ. ಅಂಟಲ್ಲ ಅಲ್ವಾ?" ಕೊಡಲು ಏಳುವ ಹಾಗಿಲ್ಲ. ಮಗು ನನ್ನ ತೊಡೆಯ ಮೇಲಿದೆ. ನನ್ನ ಜಡೆ ಅದರ ಮುಷ್ಟಿಯಲ್ಲಿ. ಬಿಡಿಸಿದಷ್ಟೂ ಬಿಗಿಯಾಗಿ ಹಿಡಿಯುತ್ತಿದೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಮಗುವಿನ ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕಿ. ನನ್ನ ತಲೆಯಿಂದ ಉದುರಿದ್ದು. ನನ್ನದೇ ಇರಬೇಕು. ಊದಿದೆ—